ಗೆದ್ದವನು ಸೋತ, ಸೋತವನು ಸತ್ತ: ನೀಲಿ ಕಿರಣದ ಎರಡು ಡಿಸ್ಕುಗಳ ಕಥೆ

ಕೋರ್ಟಿನ ಕಟ್ಟೆ ಹತ್ತಿದವರ ಗತಿಯನ್ನು ಕುರಿತು ನಮ್ಮ ಹಿರಿಯರು ಒಂದು ಮಾತನ್ನು ಹೇಳುತ್ತಿದ್ದರು: ‘ಗೆದ್ದವನು ಸೋತ, ಸೋತವನು ಸತ್ತ.’ ಒಂದು ಮೊಳ ಬದುವಿಗಾಗಿ ಹತ್ತಾರು ವರ್ಷ ವ್ಯಾಜ್ಯ ನಡೆಸಿ, ತೀರ್ಪು ಕೈಗೆ ಬರುವಷ್ಟರಲ್ಲಿ ಹೊಲವನ್ನೇ ಮಾರಿ ವಕೀಲರ ಫೀ ತೆತ್ತವರ ಕಥೆಗಳು ಪ್ರತಿಯೊಂದು ಊರಿನಲ್ಲಿಯೂ ಉಂಟು. ಆದರೆ ಈ ಗಾದೆಯ ಸತ್ಯವು ಹಳ್ಳಿಯ ಬದುವಿಗೆ ಮಾತ್ರ ಸೀಮಿತವಾದುದಲ್ಲ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳು, ನುರಿತ ವಿಜ್ಞಾನಿಗಳನ್ನೂ ಚತುರ ವ್ಯಾಪಾರಿಗಳನ್ನೂ ಬೆನ್ನಿಗಿಟ್ಟುಕೊಂಡು, ಕೇವಲ 12 ಸೆಂಟಿಮೀಟರ್ ಅಗಲದ ಒಂದು ತಟ್ಟೆಯ ಸಲುವಾಗಿ 2002 ರಿಂದ 2008 ರವರೆಗೆ ಕಾದಾಡಿದವು. ಒಬ್ಬರು ಸೋತರು, ಅವರ ತಟ್ಟೆ ಸತ್ತಿತು. ಇನ್ನೊಬ್ಬರು ಗೆದ್ದರು, ಆದರೆ ಗೆದ್ದ ರಾಜ್ಯವು ಕೈಯಲ್ಲಿ ಹಿಡಿದ ಮರಳಿನಂತೆ ಸೋರತೊಡಗಿತು. ಮನೆಯಲ್ಲಿಯೇ ಕುಳಿತು ಅತಿ ಸ್ಪಷ್ಟ ಚಿತ್ರಗಳನ್ನು ನೋಡಲು ರೂಪುಗೊಂಡ ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಎಂಬ ಎರಡು ಡಿಸ್ಕುಗಳ ಏಳುಬೀಳಿನ ಕಥೆಯಿದು. ದೂರದ ಜಪಾನು, ಅಮೆರಿಕಗಳಲ್ಲಿ ನಡೆದ ಈ ಜಗಳದಲ್ಲಿ ನಮ್ಮ ಮನೆಗಳ ಕಪಾಟಿಗೂ ಒಂದು ಪಾಠವಿದೆಯಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ವಾಚಕರ ಮುಂದಿಡುತ್ತಿದ್ದೇನೆ.

ಚುಕ್ಕೆಗಳ ಲೆಕ್ಕ

ದೂರದರ್ಶನದ ತೆರೆಯ ಮೇಲಿನ ಚಿತ್ರವೆಂದರೆ ಅಸಂಖ್ಯ ಚುಕ್ಕೆಗಳ ರಂಗವಲ್ಲಿ ಎಂಬುದನ್ನು ಬಲ್ಲೆವು. ಚುಕ್ಕೆಗಳು ಹೆಚ್ಚಿದಷ್ಟೂ ರಂಗೋಲಿಯ ಎಳೆ ನವಿರಾಗುತ್ತದೆ. ನಮ್ಮ ಕಡೆ ಮನೆಮನೆಗೂ ಬಂದಿದ್ದ ವೀಸೀಡಿಯಲ್ಲಿ ಅಡ್ಡಲಾಗಿ 352, ಉದ್ದಕ್ಕೆ 288 ಚುಕ್ಕೆಗಳು, ಒಟ್ಟು 1,01,376. ಅದರ ಹಿಂದೆ ಬಂದ ಡಿವಿಡಿಯಲ್ಲಿ 720 ಮತ್ತು 576, ಗುಣಿಸಿದರೆ 4,14,720. ‘ಹೈ ಡೆಫಿನಿಷನ್’ ಎಂದು ಕರೆಯಲಾಗುವ ಅತಿ ಸ್ಪಷ್ಟ ಚಿತ್ರದಲ್ಲಿ 1920 ಮತ್ತು 1080. ಅಂದರೆ 20,73,600 ಚುಕ್ಕೆಗಳು. ಇದು ಡಿವಿಡಿಯ ಚುಕ್ಕೆಗಳ ಸರಿಯಾಗಿ ಐದು ಪಟ್ಟು. ನಟನ ಮುಖದ ಮೇಲಿನ ಬೆವರಿನ ಹನಿ, ಸೀರೆಯ ಅಂಚಿನ ನೇಯ್ಗೆ, ದೂರದ ಮರದ ಒಂದೊಂದು ಎಲೆಯೂ ಕಾಣುವುದು ಈ ಐದು ಪಟ್ಟಿನ ಮಹಿಮೆಯಿಂದ.

ಆದರೆ ಚುಕ್ಕೆಗಳು ಐದು ಪಟ್ಟಾದರೆ ಅವನ್ನು ತುಂಬಿಡುವ ಕಣಜವೂ ಅದೇ ಪ್ರಮಾಣದಲ್ಲಿ ದೊಡ್ಡದಾಗಬೇಕಲ್ಲವೆ? ಡಿವಿಡಿಯ ಒಂದು ಪದರದಲ್ಲಿ ಹಿಡಿಯುವುದು 4.7 ಗಿಗಾಬೈಟ್. ಅಷ್ಟರಲ್ಲಿ ಎರಡೂವರೆ ಗಂಟೆಯ ಅತಿ ಸ್ಪಷ್ಟ ಚಿತ್ರವನ್ನು ಅದರ ಅಂದ ಕೆಡದಂತೆ ತುಂಬುವುದು ಸುಲಭಸಾಧ್ಯವಲ್ಲ. ತಟ್ಟೆಯ ಅಗಲವನ್ನು ಹೆಚ್ಚಿಸದೆ ಅದರ ಹೊಟ್ಟೆಯನ್ನು ಮಾತ್ರ ಹಿಗ್ಗಿಸಬೇಕಾಗಿತ್ತು. ಆ ಕಾಲದ ತಂತ್ರಜ್ಞರ ಮುಂದಿದ್ದ ಸಮಸ್ಯೆ ಇದು.

ಹಳೆಯ ಜಗಳದ ನೆನಪು

ಅತಿ ಸ್ಪಷ್ಟ ಚಿತ್ರದ ಕನಸು ಹೊಸದಾಗಿರಲಿಲ್ಲ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ 1960 ರ ದಶಕದಲ್ಲಿಯೇ ಅದರ ಸಂಶೋಧನೆಗೆ ತೊಡಗಿತ್ತು. 1990 ರ ದಶಕದಲ್ಲಿ ಆ ದೇಶದಲ್ಲಿ ಊಟದ ತಾಟಿನಷ್ಟು, ಅಂದರೆ 30 ಸೆಂಟಿಮೀಟರ್ ಅಗಲದ ಲೇಸರ್ ಡಿಸ್ಕುಗಳಲ್ಲಿ ಇಂಥ ಚಿತ್ರಗಳನ್ನು ಮಾರಿದ್ದೂ ಉಂಟು. ಆದರೆ ಅವುಗಳ ಬೆಲೆ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಜಪಾನಿನ ಕೆಲವು ಸಿರಿವಂತ ಮನೆಗಳಲ್ಲಿಯೇ ಅವುಗಳ ಬಾಳು ಮುಗಿಯಿತು.

ಡಿಸ್ಕುಗಳಿಗಿಂತ ಮೊದಲು ಸುರುಳಿಗಳ ಜಗಳವೊಂದು ನಡೆದಿತ್ತು. ಸೋನಿ ಕಂಪನಿ 1975 ರಲ್ಲಿ ಬೀಟಾಮ್ಯಾಕ್ಸ್ ಎಂಬ ವಿಡಿಯೊ ಕ್ಯಾಸೆಟ್ಟನ್ನು ಹೊರತಂದಿತು. ಮರುವರ್ಷವೇ ಜೆವಿಸಿ ಕಂಪನಿ ವಿಎಚ್‌ಎಸ್ ಅನ್ನು ತಂದಿತು. ಬೀಟಾದ ಚಿತ್ರ ಚೆನ್ನಾಗಿತ್ತೆಂದು ಹೇಳುವವರಿದ್ದರು. ಆದರೆ ಅದರ ಮೊದಲ ಕ್ಯಾಸೆಟ್ಟುಗಳಲ್ಲಿ ಒಂದು ಗಂಟೆಯ ಚಿತ್ರ ಮಾತ್ರ ಹಿಡಿಯುತ್ತಿತ್ತು, ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಜನರು ಎರಡು ಗಂಟೆಯನ್ನೇ ಆರಿಸಿಕೊಂಡರು. 1988 ರಲ್ಲಿ ಸೋನಿಯೇ ಎದುರಾಳಿಯ ಯಂತ್ರಗಳನ್ನು ತಯಾರಿಸುವುದಾಗಿ ಸಾರಬೇಕಾಯಿತು. ಆ ಸೋಲಿನಿಂದ ಸೋನಿ ಕಲಿತ ಪಾಠವೆಂದರೆ, ಒಳ್ಳೆಯ ಯಂತ್ರವೊಂದೇ ಸಾಲದು, ಅದರಲ್ಲಿ ತೋರಿಸಲು ಚಿತ್ರಗಳೂ ಕೈಯಲ್ಲಿರಬೇಕು ಎಂಬುದು. ಮರುವರ್ಷ, 1989 ರಲ್ಲಿ, ಅದು ಅಮೆರಿಕದ ಕೊಲಂಬಿಯಾ ಚಿತ್ರಸಂಸ್ಥೆಯನ್ನೇ ಕೊಂಡುಕೊಂಡಿತು.

1990 ರ ದಶಕದಲ್ಲಿ ಡಿವಿಡಿ ರೂಪುಗೊಳ್ಳುವಾಗಲೂ ಇದೇ ಕಲಹ ತಲೆಯೆತ್ತಿತ್ತು. ಒಂದು ಕಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದು ಕಡೆ ತೋಶಿಬಾ ಮತ್ತು ಅದರ ಮಿತ್ರರು. ಅದೃಷ್ಟವಶಾತ್ ಗಣಕಯಂತ್ರದ ಕಂಪನಿಗಳು, ಮುಖ್ಯವಾಗಿ ಐಬಿಎಂ, ನಡುವೆ ನಿಂತು ‘ಎರಡು ಬಗೆಯ ಡಿಸ್ಕು ನಮಗೆ ಬೇಡ’ ಎಂದು ಪಟ್ಟು ಹಿಡಿದುದರಿಂದ 1995 ರಲ್ಲಿ ರಾಜಿಯಾಯಿತು. ತೋಶಿಬಾ ಪಕ್ಷದ ರಚನೆಯೇ ಹೆಚ್ಚಿನ ಅಂಶದಲ್ಲಿ ಒಪ್ಪಿತವಾಯಿತು. ಒಂದೇ ಬಗೆಯ ಡಿಸ್ಕು, ಒಂದೇ ಬಗೆಯ ಯಂತ್ರ. 1996 ರ ನವೆಂಬರಿನಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಮಾರಾಟ ಪ್ರಾರಂಭವಾಗಿ ಡಿವಿಡಿ ಜಗತ್ತನ್ನೇ ಗೆದ್ದಿತು. ಪಂಚರ ಮಾತಿಗೆ ಕಟ್ಟುಬಿದ್ದ ಅಣ್ಣತಮ್ಮಂದಿರಂತೆ ಎರಡೂ ಪಕ್ಷಗಳು ಲಾಭ ಪಡೆದವು. ಇಷ್ಟು ಹತ್ತಿರದ ಉದಾಹರಣೆ ಕಣ್ಣೆದುರಿಗಿದ್ದೂ ಹತ್ತು ವರ್ಷಗಳಲ್ಲಿ ಅದೇ ಮನೆತನಗಳು ಮತ್ತೆ ಹೊಡೆದಾಡಿದವು.

ನೀಲಿ ಬೆಳಕು ಹುಟ್ಟಿದ ಬಗೆ

ಡಿಸ್ಕಿನ ಮೇಲೆ ಚಿತ್ರವು ಅತಿ ಸೂಕ್ಷ್ಮ ಕುಳಿಗಳ ಸಾಲಾಗಿ, ಸುರುಳಿಯಾಕಾರದ ದಾರಿಯಲ್ಲಿ ಅಡಗಿರುತ್ತದೆ. ಲೇಸರ್ ಕಿರಣವು ಆ ದಾರಿಯ ಮೇಲೆ ಸಾಗುತ್ತ ಕುಳಿ ಬಯಲುಗಳನ್ನು ಓದುತ್ತದೆ. ಕಿರಣದ ಮೊನೆ ದಪ್ಪವಾಗಿದ್ದರೆ ಕುಳಿಗಳೂ ದಪ್ಪವಾಗಿರಬೇಕು. ಮೊಂಡು ಬಳಪದಿಂದ ಸಣ್ಣ ಅಕ್ಷರ ಬರೆಯಲಾಗದು ಎಂಬುದನ್ನು ಒಂದನೆಯ ತರಗತಿಯ ಮಗುವೂ ಬಲ್ಲದು. ಸೀಡಿಯನ್ನು ಓದುವ ಕಿರಣದ ತರಂಗಾಂತರ 780 ನ್ಯಾನೊಮೀಟರ್, ಡಿವಿಡಿಯದು 650; ಎರಡೂ ಕೆಂಪಿನ ಬಳಗಕ್ಕೆ ಸೇರಿದವು. ಇನ್ನೂ ಚೂಪಾದ ಮೊನೆ ಬೇಕೆಂದರೆ ನೀಲಿಯ ಕಡೆಗೆ ಹೋಗಬೇಕು. ಆದರೆ ಅಂಗೈಯಲ್ಲಿ ಹಿಡಿಯುವಂಥ ಅಗ್ಗದ ನೀಲಿ ಲೇಸರ್ ಆಗ ಯಾರ ಬಳಿಯೂ ಇರಲಿಲ್ಲ.

ಅದನ್ನು ಒದಗಿಸಿದ್ದು ಟೋಕಿಯೊದ ಯಾವ ದೊಡ್ಡ ಪ್ರಯೋಗಾಲಯವೂ ಅಲ್ಲ. ಶಿಕೋಕು ಎಂಬ ದ್ವೀಪದ ಅನಾನ್ ಎಂಬ ಸಣ್ಣ ಊರಿನ ನಿಚಿಯಾ ಎಂಬ ರಾಸಾಯನಿಕ ಕಂಪನಿಯ ನೌಕರ ಶುಜಿ ನಕಮುರಾ. ಅನೇಕರು ಕೈಬಿಟ್ಟಿದ್ದ ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವನ್ನು ಹಿಡಿದು ಸಾಧಿಸಿ ಆತ 1993 ರಲ್ಲಿ ಪ್ರಖರವಾದ ನೀಲಿ ದೀಪವನ್ನೂ, ಅದಾದ ಎರಡು ಮೂರು ವರ್ಷಗಳಲ್ಲಿ ನೀಲಿ-ನೇರಳೆ ಲೇಸರನ್ನೂ ಹೊತ್ತಿಸಿ ತೋರಿಸಿದರು. ಅದೇ ವಸ್ತುವಿನ ಮೇಲೆ ಅವರಿಗಿಂತ ಮೊದಲೇ ದುಡಿದು ದಾರಿ ತೆರೆದಿದ್ದವರು ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ. ಇಂದು ನಮ್ಮ ಮನೆಗಳಲ್ಲಿ ಉರಿಯುವ ಎಲ್‌ಇಡಿ ಬಲ್ಬಿನ ಬಿಳಿ ಬೆಳಕು ಆ ನೀಲಿ ದೀಪದ ಸಂತಾನವೇ. ಮೂವರಿಗೂ 2014 ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇಷ್ಟು ದೊಡ್ಡ ಸಾಧನೆಗೆ ಕಂಪನಿ ನಕಮುರಾ ಅವರಿಗೆ ಮೊದಲು ಕೊಟ್ಟ ಇನಾಮು ಕೇವಲ 20,000 ಯೆನ್. ಮುಂದೆ ಅವರು ನ್ಯಾಯಾಲಯದ ಮೊರೆ ಹೊಕ್ಕು, 2005 ರಲ್ಲಿ ಸುಮಾರು 84 ಕೋಟಿ ಯೆನ್‌ಗಳಿಗೆ ರಾಜಿಯಾದರು.

ಅರ್ಧ ಮಿಲಿಮೀಟರಿನ ವ್ಯಾಜ್ಯ

405 ನ್ಯಾನೊಮೀಟರಿನ ನೀಲಿ-ನೇರಳೆ ಕಿರಣ ಇಬ್ಬರಿಗೂ ದೊರೆಯಿತು. ಹಾಗಿದ್ದರೆ ವ್ಯಾಜ್ಯ ಏತಕ್ಕೆ? ಕುಳಿಗಳ ಮೇಲೆ ಹೊದಿಸಿದ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯ ದಪ್ಪ ಎಷ್ಟಿರಬೇಕು ಎಂಬುದಕ್ಕೆ. ತೋಶಿಬಾ ಪಕ್ಷ ಡಿವಿಡಿಯಲ್ಲಿದ್ದ 0.6 ಮಿಲಿಮೀಟರನ್ನೇ ಉಳಿಸಿಕೊಳ್ಳಬೇಕೆಂದಿತು. ಸೋನಿ ಪಕ್ಷ 0.1 ಮಿಲಿಮೀಟರ್ ಸಾಕೆಂದಿತು. ನಡುವಿನ ಅಂತರ ಅರ್ಧ ಮಿಲಿಮೀಟರ್!

ಹೊದಿಕೆ ತೆಳುವಾದರೆ ಮಸೂರವನ್ನು ಕುಳಿಗಳ ತೀರ ಸಮೀಪಕ್ಕೆ ತರಬಹುದು. ಕಿರಣವನ್ನು ಇನ್ನೂ ಬಲವಾಗಿ ಬಗ್ಗಿಸಿ ಮೊನೆಯನ್ನು ಇನ್ನೂ ಚೂಪು ಮಾಡಬಹುದು. ಮಸೂರದ ಈ ಬಗ್ಗಿಸುವ ಶಕ್ತಿಗೆ ಒಂದು ಅಂಕಿಯುಂಟು: ಡಿವಿಡಿಯಲ್ಲಿ ಅದು 0.60, ತೋಶಿಬಾದ ಎಚ್‌ಡಿ ಡಿವಿಡಿಯಲ್ಲಿ 0.65, ಸೋನಿಯ ಬ್ಲೂ-ರೇಯಲ್ಲಿ 0.85. ತರಂಗಾಂತರವನ್ನು ಈ ಅಂಕಿಯಿಂದ ಭಾಗಿಸಿದರೆ ಮೊನೆಯ ದಪ್ಪದ ಅಂದಾಜು ಸಿಗುತ್ತದೆ. ಡಿವಿಡಿಗೆ 1083, ಎಚ್‌ಡಿ ಡಿವಿಡಿಗೆ 623, ಬ್ಲೂ-ರೇಗೆ 476. ಕುಳಿಗಳು ಹರಡುವುದು ಉದ್ದ ಅಗಲ ಎರಡರಲ್ಲಿಯೂ ಆದುದರಿಂದ ಈ ಅನುಪಾತಗಳ ವರ್ಗ ಮಾಡಬೇಕು. ಹಾಗೆ ಮಾಡಿದರೆ ಎಚ್‌ಡಿ ಡಿವಿಡಿಯಲ್ಲಿ ಡಿವಿಡಿಯ ಮೂರು ಪಟ್ಟು, ಬ್ಲೂ-ರೇಯಲ್ಲಿ ಐದು ಪಟ್ಟು ಹಿಡಿಯಬೇಕು. ನಿಜವಾಗಿ ಹಿಡಿದದ್ದೂ ಹಾಗೆಯೇ: ಒಂದು ಪದರದಲ್ಲಿ ಮೊದಲನೆಯದರಲ್ಲಿ 15 ಗಿಗಾಬೈಟ್, ಎರಡನೆಯದರಲ್ಲಿ 25. ಎಂಟನೆಯ ಇಯತ್ತೆಯ ಗಣಿತದಿಂದ ಕೋಟ್ಯಂತರ ಡಾಲರುಗಳ ಯುದ್ಧದ ಮರ್ಮವನ್ನು ಹೀಗೆ ತಿಳಿಯಬಹುದು. ಬ್ಲೂ-ರೇಯ ಸುರುಳಿ ದಾರಿಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ 0.32 ಮೈಕ್ರಾನ್, ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಇನ್ನೂರು ಸುತ್ತುಗಳು ಹಿಡಿಯುತ್ತವೆ.

ಹಾಗೆಂದು ತೋಶಿಬಾದ ವಾದ ಹುರುಳಿಲ್ಲದ್ದಲ್ಲ. ಹೊದಿಕೆಯ ದಪ್ಪ ಬದಲಾಗದಿದ್ದರೆ ಡಿವಿಡಿ ಅಚ್ಚು ಹಾಕುವ ಹಳೆಯ ಕಾರ್ಖಾನೆಗಳನ್ನೇ ಸ್ವಲ್ಪ ತಿದ್ದಿ ಹೊಸ ಡಿಸ್ಕು ತಯಾರಿಸಬಹುದು, ಖರ್ಚು ಕಡಿಮೆ. ಬ್ಲೂ-ರೇಗಾದರೋ ಹೊಸ ಯಂತ್ರಗಳೇ ಬೇಕು. ಅಲ್ಲದೆ ಕುಳಿಗಳು ಮೇಲ್ಮೈಗೆ ಅಷ್ಟು ಸಮೀಪವಿದ್ದರೆ ಒಂದು ಗೀರು, ಒಂದು ಬೆರಳ ಗುರುತೂ ಚಿತ್ರವನ್ನು ಕೆಡಿಸಬಲ್ಲದು. ಆದುದರಿಂದಲೇ ಮೊದಲ ಬ್ಲೂ-ರೇ ಡಿಸ್ಕುಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಚ್ಚಿಡಬೇಕಾಗಿತ್ತು. 2004 ರಲ್ಲಿ ಟಿಡಿಕೆ ಕಂಪನಿ ಗೀರು ಬೀಳದ ಗಟ್ಟಿ ಲೇಪವನ್ನು ಕಂಡುಹಿಡಿದ ಬಳಿಕವೇ ಆ ಪೆಟ್ಟಿಗೆಯ ಕಾಟ ತಪ್ಪಿತು. ಒಬ್ಬರದು ಮಿತವ್ಯಯದ ಮಾರ್ಗ, ಇನ್ನೊಬ್ಬರದು ದೂರದೃಷ್ಟಿಯ ಮಾರ್ಗ. ಎರಡಕ್ಕೂ ಕಾರಣಗಳಿದ್ದವು. ಒಪ್ಪಂದಕ್ಕೆ ಬೇಕಾಗಿದ್ದುದು ಮನಸ್ಸು ಮಾತ್ರ, ಅದೇ ಇರಲಿಲ್ಲ.

ಎರಡು ಪಾಳೆಯಗಳು

2002 ರ ಫೆಬ್ರವರಿ 19 ರಂದು ಸೋನಿ, ಮತ್ಸುಶಿತಾ, ಫಿಲಿಪ್ಸ್, ಸ್ಯಾಮ್‌ಸಂಗ್ ಮೊದಲಾದ ಒಂಬತ್ತು ಕಂಪನಿಗಳು ಒಟ್ಟಾಗಿ ಬ್ಲೂ-ರೇಯನ್ನು ಘೋಷಿಸಿದವು. ಅದೇ ವರ್ಷ ತೋಶಿಬಾ ಮತ್ತು ಎನ್‌ಇಸಿ ತಮ್ಮ ರಚನೆಯನ್ನು ಮುಂದಿಟ್ಟವು. ಡಿವಿಡಿಗೆ ಸಂಬಂಧಿಸಿದ ಕಂಪನಿಗಳ ಒಕ್ಕೂಟ ಅದಕ್ಕೆ 2003 ರಲ್ಲಿ ಎಚ್‌ಡಿ ಡಿವಿಡಿ ಎಂಬ ಹೆಸರಿನಿಂದ ಮನ್ನಣೆ ನೀಡಿತು. 2003 ರ ಏಪ್ರಿಲಿನಲ್ಲಿ ಸೋನಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಮೊದಲ ಬ್ಲೂ-ರೇ ಯಂತ್ರದ ಬೆಲೆ 4,50,000 ಯೆನ್. 2005 ರಲ್ಲಿ ಉಭಯ ಪಕ್ಷಗಳು ಸಂಧಾನಕ್ಕೆ ಕುಳಿತವು. ಆದರೆ ಮತ್ತೆ ಅದೇ ಅರ್ಧ ಮಿಲಿಮೀಟರಿನ ಬಳಿ ಮಾತು ಮುರಿಯಿತು.

2006 ರಲ್ಲಿ ನಿಜವಾದ ಕಾಳಗ ಪ್ರಾರಂಭವಾಯಿತು. ತೋಶಿಬಾದ ಯಂತ್ರ ಏಪ್ರಿಲಿನಲ್ಲಿ 499 ಡಾಲರಿಗೆ ಅಮೆರಿಕದ ಅಂಗಡಿಗಳಿಗೆ ಬಂದಿತು. ಜೂನಿನಲ್ಲಿ ಬಂದ ಸ್ಯಾಮ್‌ಸಂಗ್ ಬ್ಲೂ-ರೇ ಯಂತ್ರದ ಬೆಲೆ ಅದರ ಎರಡು ಪಟ್ಟು, 999 ಡಾಲರು. ಚಲನಚಿತ್ರ ಸಂಸ್ಥೆಗಳೂ ಪಂಗಡ ಕಟ್ಟಿಕೊಂಡವು. ಯುನಿವರ್ಸಲ್ ಎಚ್‌ಡಿ ಡಿವಿಡಿಯ ಕಡೆ; ಡಿಸ್ನಿ, ಫಾಕ್ಸ್ ಮತ್ತು ಸೋನಿಯ ಸ್ವಂತ ಸಂಸ್ಥೆಗಳು ಬ್ಲೂ-ರೇಯ ಕಡೆ; ವಾರ್ನರ್ ಮತ್ತು ಪ್ಯಾರಮೌಂಟ್ ಎರಡೂ ಕಡೆ. ಮೈಕ್ರೊಸಾಫ್ಟ್ ಮತ್ತು ಇಂಟೆಲ್ ಕಂಪನಿಗಳು ತೋಶಿಬಾಗೆ ಬೆಂಬಲವಾದರೆ, ಆಪಲ್ ಮತ್ತು ಡೆಲ್ ಸೋನಿಗೆ ಬೆಂಬಲವಾದವು. ಇದರ ಫಲವನ್ನು ಉಂಡವನು ಗಿರಾಕಿ. ಒಂದು ಯಂತ್ರ ಕೊಂಡರೆ ಅರ್ಧ ಚಿತ್ರಗಳು ಮಾತ್ರ ನೋಡಸಿಗುತ್ತಿದ್ದವು. ಉಳಿದರ್ಧಕ್ಕೆ ಇನ್ನೊಂದು ಯಂತ್ರ! ಬುದ್ಧಿವಂತರು ಏನು ಮಾಡಿದರು? ‘ಜಗಳ ಮುಗಿಯಲಿ, ಆಮೇಲೆ ನೋಡೋಣ’ ಎಂದು ಹಳೆಯ ಡಿವಿಡಿಯಲ್ಲಿಯೇ ತೃಪ್ತರಾಗಿ ಕುಳಿತರು.

ಸೋನಿ ಆಗ ಒಂದು ಚಾತುರ್ಯದ ನಡೆಯನ್ನು ನಡೆಸಿತು. ಅದೇ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ತನ್ನ ಪ್ಲೇಸ್ಟೇಷನ್-3 ಎಂಬ ಆಟದ ಯಂತ್ರದ ಹೊಟ್ಟೆಯಲ್ಲಿ ಬ್ಲೂ-ರೇಯನ್ನು ಸೇರಿಸಿಬಿಟ್ಟಿತು. ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿ ನಷ್ಟವನ್ನು ಹೊತ್ತುಕೊಂಡಿತು. ಆಟಕ್ಕೆಂದು ಮಕ್ಕಳು ತಂದ ಯಂತ್ರ, ಮನೆಯವರಿಗೆಲ್ಲ ಚಿತ್ರ ತೋರಿಸುವ ಯಂತ್ರವಾಯಿತು. 2007 ಮುಗಿಯುವಷ್ಟರಲ್ಲಿ ಇಂಥವು ಸುಮಾರು ಒಂದು ಕೋಟಿ ಹೊರಬಿದ್ದಿದ್ದವು. ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್‌ಗೆ ಎಚ್‌ಡಿ ಡಿವಿಡಿಯನ್ನು 199 ಡಾಲರಿನ ಪ್ರತ್ಯೇಕ ಉಪಾಂಗವಾಗಿ ಮಾತ್ರ ಮಾರಿತು. ಬೇರೆಯಾಗಿ ಕೊಳ್ಳಬೇಕಾದುದನ್ನು ಎಷ್ಟು ಜನ ಕೊಂಡಾರು?

ತೋಶಿಬಾ ಪಕ್ಷವೂ ಸುಮ್ಮನಿರಲಿಲ್ಲ. 2007 ರ ಆಗಸ್ಟಿನಲ್ಲಿ ಪ್ಯಾರಮೌಂಟ್ ಸಂಸ್ಥೆ ಬ್ಲೂ-ರೇಯನ್ನು ತೊರೆದು ಎಚ್‌ಡಿ ಡಿವಿಡಿಗೆ ಮಾತ್ರ ಕಟ್ಟುಬಿದ್ದಿತು. ಇದರ ಹಿಂದೆ ದೊಡ್ಡ ಮೊತ್ತದ ಹಣ ಕೈಬದಲಾಯಿತೆಂದು ಪತ್ರಿಕೆಗಳು ಬರೆದವು. ನವೆಂಬರಿನಲ್ಲಿ ವಾಲ್‌ಮಾರ್ಟ್ ಅಂಗಡಿಗಳು ತೋಶಿಬಾದ ಯಂತ್ರವೊಂದನ್ನು ಒಂದು ದಿನದ ಮಟ್ಟಿಗೆ ನೂರು ಡಾಲರಿಗೂ ಕಡಿಮೆಗೆ ಮಾರಿದವು. ಆ ವರ್ಷದ ಕೊನೆಯಲ್ಲಿ ಯಾರು ಗೆಲ್ಲುವರೆಂದು ಹೇಳುವುದು ಕಷ್ಟವಾಗಿತ್ತು.

ನಲವತ್ತಾರು ದಿನಗಳು

2008 ರ ಜನವರಿ 4. ಲಾಸ್ ವೇಗಸ್ ನಗರದ ವಾರ್ಷಿಕ ವಸ್ತುಪ್ರದರ್ಶನಕ್ಕೆ ಕೆಲವೇ ದಿನಗಳಿರುವಾಗ ವಾರ್ನರ್ ಸಂಸ್ಥೆ ಇನ್ನು ಮುಂದೆ ತಾನು ಬ್ಲೂ-ರೇಯಲ್ಲಿ ಮಾತ್ರ ಚಿತ್ರಗಳನ್ನು ಹೊರತರುವುದಾಗಿ ಪ್ರಕಟಿಸಿತು. ತಕ್ಕಡಿಯ ಮುಳ್ಳು ಒಮ್ಮೆಗೇ ವಾಲಿತು. ಎಚ್‌ಡಿ ಡಿವಿಡಿ ಪಕ್ಷದವರು ಆ ಪ್ರದರ್ಶನದಲ್ಲಿ ನಡೆಸಬೇಕೆಂದಿದ್ದ ಪತ್ರಿಕಾಗೋಷ್ಠಿಯನ್ನೇ ರದ್ದುಪಡಿಸಿದರು. ಫೆಬ್ರವರಿ 11 ರಂದು ನೆಟ್‌ಫ್ಲಿಕ್ಸ್ ಮತ್ತು ಬೆಸ್ಟ್ ಬೈ, 15 ರಂದು ವಾಲ್‌ಮಾರ್ಟ್, ಹೀಗೆ ಒಬ್ಬೊಬ್ಬರಾಗಿ ವರ್ತಕರು ಕೈಬಿಟ್ಟರು. ಫೆಬ್ರವರಿ 19 ರಂದು ತೋಶಿಬಾ ಎಚ್‌ಡಿ ಡಿವಿಡಿ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ವಾರ್ನರ್‌ನ ನಿರ್ಧಾರದಿಂದ ಇಲ್ಲಿಗೆ ಕೇವಲ 46 ದಿನ. ಬ್ಲೂ-ರೇ ಘೋಷಣೆಯಾದ ದಿನದಿಂದ ಸರಿಯಾಗಿ ಆರು ವರ್ಷ. ತಿಂಗಳು, ತಾರೀಖು ಕೂಡ ಅದೇ!

ಸುಮಾರು ಹತ್ತು ಲಕ್ಷ ಮಂದಿ ಆಗಲೇ ಎಚ್‌ಡಿ ಡಿವಿಡಿ ಯಂತ್ರಗಳನ್ನು ಕೊಂಡಿದ್ದರು. ಅವು ಹಳೆಯ ಡಿವಿಡಿಗಳನ್ನೂ ಓದುತ್ತಿದ್ದುದರಿಂದ ಪೂರ್ತಿ ನಿರುಪಯುಕ್ತವಾಗಲಿಲ್ಲವೆಂಬುದೊಂದೇ ಸಮಾಧಾನ. ಮರುವರ್ಷ, 2009 ರಲ್ಲಿ, ತೋಶಿಬಾ ತಾನೇ ಬ್ಲೂ-ರೇ ಕೂಟವನ್ನು ಸೇರಿತು. 1988 ರಲ್ಲಿ ಸೋನಿ ನುಂಗಿದ ಕಹಿಯನ್ನು ಈಗ ತೋಶಿಬಾ ನುಂಗಬೇಕಾಯಿತು.

ಗೆದ್ದವನ ಗತಿ

ಇಲ್ಲಿಗೆ ಕಥೆ ಮುಗಿದಿದ್ದರೆ ಗಾದೆಯ ಅರ್ಧವಷ್ಟೇ ನಿಜವಾಗುತ್ತಿತ್ತು. ಆದರೆ ಎರಡು ಹೋರಿಗಳು ಕಾದಾಡುತ್ತಿದ್ದಾಗ ಬೇಲಿಯ ಸಂದಿನಿಂದ ಮೂರನೆಯದೊಂದು ಹೊಲಕ್ಕೆ ನುಗ್ಗಿತ್ತು. ಅಂಚೆಯ ಮೂಲಕ ಡಿವಿಡಿಗಳನ್ನು ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಕಂಪನಿ 2007 ರ ಜನವರಿಯಲ್ಲಿ, ಅಂದರೆ ಕಾಳಗದ ಮಧ್ಯದಲ್ಲಿಯೇ, ತಂತಿಯ ಮೂಲಕ ಚಿತ್ರಗಳನ್ನು ನೇರವಾಗಿ ಮನೆಗೆ ಹರಿಸುವ ಏರ್ಪಾಟನ್ನು ಆರಂಭಿಸಿತು. ಮೊದಲಲ್ಲಿ ಅದರ ಚಿತ್ರ ಮಸುಕು, ಸಂಗ್ರಹ ಅಲ್ಪ. ಡಿಸ್ಕಿನ ದಿಗ್ಗಜರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬ್ಲೂ-ರೇ ತಕ್ಕಮಟ್ಟಿಗೆ ಬೆಳೆಯಿತೆಂಬುದು ನಿಜ. ಆದರೆ ಡಿವಿಡಿಯ ಸಿಂಹಾಸನವನ್ನು ಅದು ಎಂದೂ ಪೂರ್ಣವಾಗಿ ಏರಲಿಲ್ಲ. ಕಾರಣಗಳು ಸ್ಪಷ್ಟವಾಗಿವೆ. ಕ್ಯಾಸೆಟ್ಟಿನಿಂದ ಡಿವಿಡಿಗೆ ಬಂದಾಗ ಸುರುಳಿ ಹಿಂದಕ್ಕೆ ಸುತ್ತುವ ಕೆಲಸ ತಪ್ಪಿತು, ಬೇಕಾದ ದೃಶ್ಯಕ್ಕೆ ಕ್ಷಣಾರ್ಧದಲ್ಲಿ ಹೋಗಬಹುದಾಯಿತು, ಕಪಾಟಿನಲ್ಲಿ ಜಾಗ ಉಳಿಯಿತು. ಲಾಭವು ಅಜ್ಜಿಗೂ ಕಾಣುತ್ತಿತ್ತು. ಡಿವಿಡಿಯಿಂದ ಬ್ಲೂ-ರೇಗೆ ಬಂದಾಗ ಹೆಚ್ಚಿದ್ದು ಸ್ಪಷ್ಟತೆ ಮಾತ್ರ; ಅದನ್ನು ಕಾಣಲು ದೊಡ್ಡ ತೆರೆಯ ಹೊಸ ದೂರದರ್ಶನವೂ ಬೇಕಾಗಿತ್ತು. ಜೊತೆಗೆ ಜಗಳದಲ್ಲಿ ಕಳೆದ ಎರಡು ಅಮೂಲ್ಯ ವರ್ಷಗಳು, 2008 ರ ಜಾಗತಿಕ ಹಣದ ಮುಗ್ಗಟ್ಟು. ಈ ನಡುವೆ ಅಂತರ್ಜಾಲದ ಹರಿವು ವರ್ಷದಿಂದ ವರ್ಷಕ್ಕೆ ಅಗಲವಾಯಿತು.

2016 ರಲ್ಲಿ ನಾಲ್ಕು ಪಟ್ಟು ಹೆಚ್ಚು ಚುಕ್ಕೆಗಳ, 100 ಗಿಗಾಬೈಟ್‌ವರೆಗೆ ಹಿಡಿಯುವ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಬಂದಿತು. ಆದರೆ ಆ ವೇಳೆಗೆ ಸಂತೆ ಚದುರತೊಡಗಿತ್ತು. 2019 ರಲ್ಲಿ ಸ್ಯಾಮ್‌ಸಂಗ್ ಅಮೆರಿಕದಲ್ಲಿ ಹೊಸ ಬ್ಲೂ-ರೇ ಯಂತ್ರಗಳನ್ನು ತರುವುದನ್ನು ನಿಲ್ಲಿಸಿತು. 2023 ರ ಸೆಪ್ಟೆಂಬರ್ 29 ರಂದು ನೆಟ್‌ಫ್ಲಿಕ್ಸ್ ತನ್ನ ಕೊನೆಯ ಡಿಸ್ಕನ್ನು ಅಂಚೆಗೆ ಹಾಕಿತು. 2024 ರಲ್ಲಿ ಬೆಸ್ಟ್ ಬೈ ಅಂಗಡಿಗಳು ಚಲನಚಿತ್ರದ ಡಿಸ್ಕುಗಳ ಮಾರಾಟವನ್ನೇ ಕೈಬಿಟ್ಟವು. 2025 ರ ಫೆಬ್ರವರಿಯಲ್ಲಿ ಸೋನಿ, ಬ್ಲೂ-ರೇಯ ಹೆತ್ತ ತಾಯಿಯೇ, ಮನೆಯಲ್ಲಿ ಮುದ್ರಿಸಿಕೊಳ್ಳುವ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆಗೆ ಮಂಗಳ ಹಾಡಿತು. ಅಚ್ಚು ಹಾಕಿದ ಚಲನಚಿತ್ರಗಳ ಬ್ಲೂ-ರೇ ಇನ್ನೂ ಹೊರಬರುತ್ತಿವೆ. ಆದರೆ ಅವು ಈಗ ರಸಿಕ ಸಂಗ್ರಾಹಕರ ಸೊತ್ತು, ಮನೆಮಾತಲ್ಲ.

ಕೈಯಲ್ಲಿರುವುದು, ಕಡವಾಗಿರುವುದು

ಭಾರತದಲ್ಲಿ ಈ ಜಗಳದ ಸದ್ದು ಕೇಳಿಸಿದ್ದೇ ಕಡಿಮೆ. ಇಲ್ಲಿಯ ಜನರಿಗೆ ಒಗ್ಗಿದ್ದು ಅಗ್ಗದ ವೀಸೀಡಿ. ಒಂದು ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷದ ಚಿತ್ರ. ಒಂದು ಸಿನಿಮಾಕ್ಕೆ ಎರಡು ಮೂರು ತಟ್ಟೆ. 2007 ರ ಸುಮಾರಿಗೆ ದೆಹಲಿಯ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವೀಸೀಡಿ, 34 ರೂಪಾಯಿಗೆ ಡಿವಿಡಿ ಮಾರಿ ಬೆಲೆಗಳನ್ನು ನೆಲಕ್ಕಿಳಿಸಿತು. ಅದೇ ಕಂಪನಿ 2018 ರಲ್ಲಿ ದಿವಾಳಿಯೆದ್ದಿತು. 2016 ರಿಂದ ಅಗ್ಗವಾದ ಮೊಬೈಲ್ ಅಂತರ್ಜಾಲ ಉಳಿದ ಕೆಲಸವನ್ನು ಮುಗಿಸಿತು. ನಮ್ಮಲ್ಲಿ ಬಹುತೇಕ ಮನೆಗಳು ವೀಸೀಡಿಯಿಂದ ನೇರವಾಗಿ ಮೊಬೈಲಿಗೆ ನೆಗೆದವು. ಕನ್ನಡ ಚಿತ್ರಗಳು ಊರಿನ ಟಾಕೀಸಿಗೆ ಬರುವುದು ಅಪರೂಪವಾದ ಗಡಿಭಾಗದಲ್ಲಿ, ವಿಜಯಪುರ ಕಲಬುರ್ಗಿಯ ಪೇಟೆಗೆ ಹೋದವರು ಚೀಲದಲ್ಲಿ ತರುತ್ತಿದ್ದ ವೀಸೀಡಿಗಳು ಭಾಷೆಯ ಬುತ್ತಿಯೇ ಆಗಿದ್ದವು. ಇಂದು ಬೆರಳ ತುದಿಯಲ್ಲಿ ಸಾವಿರ ಚಿತ್ರಗಳಿವೆ. ಸೌಕರ್ಯವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ಡಿಸ್ಕು ನಮ್ಮ ಸ್ವತ್ತು. ಹರಿದು ಬರುವ ಚಿತ್ರ ಕಡ. ಕಡ ಕೊಟ್ಟವನು ಯಾವಾಗ ಬೇಕಾದರೂ ಹಿಂದಕ್ಕೆ ಕೇಳಬಹುದು. 2023 ರ ಡಿಸೆಂಬರಿನಲ್ಲಿ ಇದೇ ಸೋನಿ, ತನ್ನ ಪ್ಲೇಸ್ಟೇಷನ್ ಗಿರಾಕಿಗಳು ಹಣ ಕೊಟ್ಟು ಕೊಂಡಿದ್ದ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳು ಅವರ ಸಂಗ್ರಹದಿಂದ ಅಳಿಸಿಹೋಗುವವೆಂದು ತಿಳಿಸಿತು. ಗಲಾಟೆಯಾದ ಮೇಲೆ ಆ ನಿರ್ಧಾರವನ್ನು ಸದ್ಯಕ್ಕೆ ತಡೆಹಿಡಿಯಿತು. ‘ಕೊಂಡೆ’ ಎಂದುಕೊಂಡವರಿಗೆ ತಾವು ಕೊಂಡದ್ದು ನೋಡುವ ಪರವಾನಗಿಯನ್ನು ಮಾತ್ರ ಎಂಬುದು ಆಗ ತಿಳಿಯಿತು. ಈ ಸಂಗತಿಯನ್ನು ಗಿರಾಕಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿತು. ಅದು 2025 ರ ಜನವರಿಯಿಂದ ಜಾರಿಗೆ ಬಂದಿದೆ.

ಓದುವವರಿಲ್ಲದ ಲಿಪಿ

ಸಿನಿಮಾ ಹೋದರೆ ಹೋಗಲಿ, ಇನ್ನೊಂದು ಕಡೆ ದೊರೆತೀತು. ಆದರೆ ನಮ್ಮ ಟ್ರಂಕಿನಲ್ಲಿರುವ ಮದುವೆಯ ಕ್ಯಾಸೆಟ್ಟು, ತೀರಿಹೋದ ಅಜ್ಜನ ಭಜನೆಯ ಸೀಡಿ, ಜಾತ್ರೆಯಲ್ಲಿ ಆಡಿದ ಬಯಲಾಟದ ಡಿವಿಡಿ ಇವು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಎಚ್‌ಡಿ ಡಿವಿಡಿಯ ಕಥೆ ನಮಗೆ ಕಲಿಸುವುದು ಇದನ್ನೇ: ದಾಖಲೆ ಸಾಯುವುದು ಅದು ಮುರಿದಾಗ ಮಾತ್ರವಲ್ಲ, ಓದುವ ಯಂತ್ರ ನಿಂತಾಗಲೂ ಅದು ಸತ್ತಂತೆಯೇ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮಗೆ ಇದು ಹೊಸ ಮಾತಲ್ಲ. ನಮ್ಮ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳು ಕಟ್ಟುಗಟ್ಟಲೆ ಇವೆ. ಕಾಗದ ಗಟ್ಟಿಯಾಗಿದೆ, ಮಸಿ ಮಾಸಿಲ್ಲ. ಆದರೆ ಓದಬಲ್ಲವರನ್ನು ಹುಡುಕಿಕೊಂಡು ಊರೂರು ಅಲೆಯಬೇಕು. ಜಮೀನು ಯಾರದೆಂದು ಹೇಳುವ ಕಾಗದ ಕೈಯಲ್ಲಿದ್ದೂ ಮೂಕವಾಗಿದೆ. ವಿಎಚ್‌ಎಸ್ ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016 ರ ಜುಲೈನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಅಂದಿನಿಂದ ನಮ್ಮ ಮದುವೆಯ ಕ್ಯಾಸೆಟ್ಟುಗಳೂ ಮೋಡಿ ಕಾಗದಗಳ ಸಾಲಿಗೆ ಸೇರಿದವು. ಸೀಡಿ, ಡಿವಿಡಿಗಳ ಸರದಿ ಹತ್ತಿರವಾಗುತ್ತಿದೆ. ಹೊಸ ಗಣಕಯಂತ್ರಗಳಲ್ಲಿ ಡಿಸ್ಕು ಹಾಕುವ ಬಾಯಿಯೇ ಇಲ್ಲವಾಗಿದೆ. ಇದಲ್ಲದೆ ಮನೆಯಲ್ಲಿ, ಸ್ಟುಡಿಯೊದಲ್ಲಿ ಮುದ್ರಿಸಿಕೊಟ್ಟ ಡಿಸ್ಕುಗಳಲ್ಲಿ ಚಿತ್ರ ನಿಂತಿರುವುದು ಒಂದು ಬಗೆಯ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಗಳಿಗೆ ಅದು ಮಾಸುತ್ತದೆ.

ಆದುದರಿಂದ ವಾಚಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿರುವ ಕ್ಯಾಸೆಟ್ಟು, ಸೀಡಿ, ಡಿವಿಡಿಗಳನ್ನು ಹೊರತೆಗೆಯಿರಿ. ಓದುವ ಯಂತ್ರ ಮತ್ತು ಅದನ್ನು ಬಲ್ಲ ಮನುಷ್ಯ ಇನ್ನೂ ಪೇಟೆಯಲ್ಲಿ ಸಿಗುವಾಗಲೇ ಅವುಗಳ ಪ್ರತಿ ಮಾಡಿಸಿರಿ. ಪ್ರತಿಗಳು ಒಂದಲ್ಲ, ಎರಡಿರಲಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಅಣ್ಣನ ಅಥವಾ ಮಗಳ ಮನೆಯಲ್ಲಿ. ಮೂಲವನ್ನು ಎಸೆಯದೆ ನೆರಳಿನಲ್ಲಿ ನಿಲ್ಲಿಸಿ ಇಡಿರಿ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸಾರಿಸುವಾಗ, ಒಮ್ಮೆ ಹಾಕಿ ನೋಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಜೊತೆಗಿಡಿರಿ. ಆ ಹಾಳೆಯನ್ನು ಓದಲು ವಿದ್ಯುತ್ತು ಬೇಡ, ಲೇಸರ್ ಬೇಡ. ಕನ್ನಡ ಅಕ್ಷರ ಬಲ್ಲ ಒಬ್ಬ ಮೊಮ್ಮಗ ಬೇಕು. ಅವನನ್ನು ಸಿದ್ಧಪಡಿಸುವ ಕೆಲಸವೂ ನಮ್ಮದೇ.